ಒಂದೇ ಸೀರೆಯ ಎರಡು ಚೀಲ

ಕೈಯಲ್ಲಿ ಏನೂ ಹಿಡಿಯದೆ ನಡೆಯುವ ಹೆಂಗಸನ್ನು ದೇವದುರ್ಗ ನಂಬುತ್ತಿರಲಿಲ್ಲ. ಕೊಡ ಇದ್ದರೆ ನೀರಿಗೆ ಹೊರಟಿದ್ದಾಳೆ, ಬುಟ್ಟಿ ಇದ್ದರೆ ಹೊಲಕ್ಕೆ, ತೆಂಗಿನಕಾಯಿ ಇದ್ದರೆ ಗುಡಿಗೆ. ಕೈ ಖಾಲಿ ಇದ್ದರೆ ಮಾತ್ರ ಕಟ್ಟೆಯ ಮೇಲಿದ್ದವರೆಲ್ಲ ಕತ್ತು ಉದ್ದ ಮಾಡಿ, ‘ಎಲ್ಲಿಗೆ ಹೊಂಟಿ?’ ಎಂದು ಕೇಳುವವರೇ. ಗಂಡಸರು ಬೀಡಿ ಸೇದುತ್ತ ಬಸ್ ಸ್ಟ್ಯಾಂಡಿನಿಂದ ಗುಡ್ಡದವರೆಗೆ ಹತ್ತು ಸಲ ಸುಮ್ಮನೆ ಅಡ್ಡಾಡಿದರೂ ಕೇಳುವವರಿಲ್ಲ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಆದರೆ ನಾನು ಹೇಳಹೊರಟಿದ್ದು ಗಂಡಸರ ಮಾತಲ್ಲ, ಇಂದುಬಾಯಿಯ ಮಾತು.

ಎಂಬತ್ತೊಂದನೆಯ ಇಸವಿ. ನಾನು ಗೋಪಮ್ಮ, ಜಾಲಹಳ್ಳಿ ರಸ್ತೆಯಲ್ಲಿದ್ದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಕೇರಿಯಿಂದ ಸಂಬಳದ ನೌಕರಿಗೆ ಹೋದ ಮೊದಲ ಹೆಣ್ಣುಮಗಳು ನಾನೇ. ನನಗೆ ನೌಕರಿ ಸಿಗುವವರೆಗೂ ನಮ್ಮವ್ವ ಸೂಗಮ್ಮ ಪೇಟೆಯ ಓಣಿಗಳನ್ನು ಗುಡಿಸುತ್ತಿದ್ದಳು. ಸಂತೆಯ ಮರುದಿನವಂತೂ ಕೊಳೆತ ಬದನೆಕಾಯಿ, ಸಗಣಿ, ಹುಲ್ಲು ಎಲ್ಲ ಅವಳ ಪಾಲು. ಬಗ್ಗಿ ಬಗ್ಗಿ ಅವಳ ಸೊಂಟ ಒಂದು ದಿನ ಹಾಗೆಯೇ ನಿಂತುಬಿಟ್ಟಿತು, ಮತ್ತೆ ನೆಟ್ಟಗಾಗಲೇ ಇಲ್ಲ. ನನಗೆ ಆರ್ಡರು ಬಂದ ದಿನ ಅವಳು ತನ್ನ ಕಸಬರಿಗೆಯನ್ನು ಒಲೆಗೆ ತುರುಕಿ, ಆ ಬೆಂಕಿಯಲ್ಲಿ ಚಹಾ ಕಾಸಿದಳು.

‘ಇನ್ನ ಈ ಮನ್ಯಾಗ ಯಾರೂ ಮಂದಿ ಕಸ ಎತ್ತಂಗಿಲ್ಲ’ ಎಂದಳು. ಚಹಾಕ್ಕೆ ಹೊಗೆ ವಾಸನೆ ಹತ್ತಿತ್ತು. ಇಬ್ಬರೂ ನಗುತ್ತಲೇ ಕುಡಿದೆವು.

ಇಂದುಬಾಯಿ ವಕೀಲರ ಹೆಂಡತಿ. ಅವಳ ಮಗಳು ನನ್ನ ತರಗತಿಯಲ್ಲಿದ್ದಳು, ಪರಿಚಯ ಆದದ್ದು ಹಾಗೆ. ಅವಳಿಗೆ ಸಕ್ಕರೆ ರೋಗ. ರಾಯಚೂರಿನ ಡಾಕ್ಟರು ಗುಳಿಗೆ ಕೊಟ್ಟು, ದಿನಾ ಮುಂಜಾನೆ ಬೆವರು ಬರುವ ಹಾಗೆ ನಡೆಯಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ ಎಂದು ಹೆದರಿಸಿ ಕಳಿಸಿದ್ದರು. ಒಂದು ದಿನ ಶಾಲೆ ಬಿಟ್ಟ ಮೇಲೆ ಮಗಳನ್ನು ಕರೆದೊಯ್ಯಲು ಬಂದವಳು ನನ್ನನ್ನು ಬದಿಗೆ ಕರೆದಳು.

‘ಒಬ್ಬಾಕಿ ಹ್ಯಾಂಗ ನಡೀಲ್ರಿ ಟೀಚರ್? ಮಂದಿ ಏನರೆ ಅಂತಾರ. ನೀವು ಜೋಡಿ ಬರ್ತೀರೇನು?’

ವಕೀಲರ ಓಣಿಯವರು ನಮ್ಮ ಕೇರಿಯವರಿಗೆ ‘ರೀ’ ಹಚ್ಚಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದಕ್ಕೇ ಅರ್ಧ ಒಪ್ಪಿಬಿಟ್ಟೆ. ಇನ್ನರ್ಧಕ್ಕೆ ಕಾರಣ, ಮುಂಜಾನೆಯ ತಂಪಿನಲ್ಲಿ ಕಾಲು ಚಾಚಿ ನಡೆಯುವ ಆಸೆ ನನಗೂ ಇತ್ತು.

ಮೊದಲ ವಾರವೇ ಸಾಕುಸಾಕಾಯಿತು. ಎಲ್ಲಿಗೆ, ಯಾಕೆ, ಯಾರು ಸತ್ತರು, ಯಾರು ಹಡೆದರು ಎಂದು ಕೇಳುವವರಿಗೆ ಉತ್ತರ ಹೇಳುವುದರಲ್ಲೇ ಇಂದುಬಾಯಿಯ ಬೆವರು ಇಳಿಯುತ್ತಿತ್ತು. ಆಗ ಅವಳೇ ಉಪಾಯ ತೆಗೆದಳು. ನಮ್ಮ ಶಾಲೆಯ ರಸ್ತೆಯುದ್ದಕ್ಕೂ ಒಡೆದ ಸೋಡಾ ಬಾಟಲಿ, ಕಂದೀಲಿನ ಗಾಜು, ಬ್ಲೇಡು, ತಗಡು, ಬಳೆಚೂರು ಬಿದ್ದಿರುತ್ತಿದ್ದವು. ಬರಿಗಾಲಲ್ಲಿ ಬರುವ ಮಕ್ಕಳ ಅಂಗಾಲಿಗೆ ಅರಿಶಿನ ಮೆತ್ತುವುದು ನನ್ನ ದಿನದ ಮೊದಲ ಪಾಠವಾಗಿತ್ತು. ಅದನ್ನು ನಾನೇ ಅವಳ ಮುಂದೆ ಹೇಳಿಕೊಂಡಿದ್ದೆ.

‘ಒಂದೊಂದು ಚೀಲ ಹಿಡ್ಕೊಂಡು ಹೋಗೋಣ್ರಿ. ನಡಕೋತ ಆರಿಸಿದ್ರಾತು. ಕೇಳಿದವ್ರಿಗೆ ಹುಡುಗ್ರ ಸಲುವಾಗಿ ಅನ್ನೋಣ. ಬಗ್ಗಿ ಎದ್ರ ಅದೂ ವ್ಯಾಯಾಮನ ಅಲ್ಲೇನು?’

ಒಲೆಯಲ್ಲಿ ಉರಿದ ಕಸಬರಿಗೆ ಕಣ್ಣ ಮುಂದೆ ಬಂತು. ನನ್ನ ಮುಖ ನೋಡಿ ಅವಳಿಗೆ ಏನು ತಿಳಿಯಿತೋ, ಥಟ್ಟನೆ ಬಗ್ಗಿ, ರಸ್ತೆಯ ಮೇಲಿದ್ದ ಬಾಟಲಿಯ ಕುತ್ತಿಗೆಯನ್ನು ಎತ್ತಿಕೊಂಡಳು. ಬಂಗಾರದ ಬಳೆ ಹಾಕಿದ ಕೈ. ‘ನಾ ಮೊದಲು ಎತ್ತೀನಿ ನೋಡ್ರಿ’ ಎಂದು ನಕ್ಕಳು. ನಾನು ಸೋತದ್ದು ಆ ನಗುವಿಗೆ.

ಅವ್ವನಿಗೆ ತಿಳಿದಾಗ ಮನೆಯಲ್ಲಿ ರಾಮಾಯಣವೇ ಆಯಿತು.

‘ಸೀಮೆಸುಣ್ಣ ಹಿಡಿಯೋ ಕೈಗೆ ಕಸ ಯಾಕಬೇ? ನಾ ಸೊಂಟ ಮುರ್ಕೊಂಡಿದ್ದು ಸಾಲದೇನು?’

‘ನಾ ಒಬ್ಬಾಕಿ ಅಲ್ಲ ಯವ್ವಾ. ವಕೀಲರ ಹೆಂಡ್ತಿ ನನ್ನ ಬಾಜು ಬಗ್ಗಿ ಗಾಜು ಎತ್ತತಾಳ.’

‘ಸುಳ್ಳ ಹೇಳಬ್ಯಾಡ.’

ಮರುದಿನ ಅವ್ವ ನಮಗೆ ತಿಳಿಯದಂತೆ ಹಿಂದೆ ಬಂದು, ಜಾಲಿಗಿಡದ ಮರೆಗೆ ನಿಂತು ನೋಡಿದಳಂತೆ. ಸಂಜೆ ನಾನು ಮನೆಗೆ ಬಂದಾಗ ತನ್ನ ಹಸಿರು ಸೀರೆಯನ್ನು ಹರಿದು ಹರವಿಕೊಂಡು ಕೂತಿದ್ದಳು. ಹಳೆಯ ಅರಿವೆ ತುಂಡು ಕೂಡಿಸಿ ಹೊದಿಕೆ ಮಾಡುವ ನಮ್ಮವ್ವನ ಕೌದಿ ಹೊಲಿಗೆ ಕೇರಿಗೆಲ್ಲ ಹೆಸರಾಗಿತ್ತು. ಅದೇ ಒತ್ತು ಹೊಲಿಗೆಯಲ್ಲಿ, ಎರಡೆರಡು ಪದರ ಇಟ್ಟು, ಗಾಜು ಚುಚ್ಚದ ಹಾಗೆ ಎರಡು ಚೀಲ ಹೊಲಿದಳು. ಒಂದರ ಬಾಯಿಗೆ ಕೆಂಪು ಅಂಚು, ಅದು ಇಂದುಬಾಯಿಗೆ. ಇನ್ನೊಂದಕ್ಕೆ ಅಂಚಿಲ್ಲ, ಅದು ನನಗೆ.

‘ಇಬ್ರೂ ಬಗ್ಗಿದ್ರ ಅದು ಚಾಕರಿ ಅಲ್ಲ ಬಿಡು’ ಎಂದಳು. ತನ್ನ ಮಾತನ್ನು ಅವ್ವ ಹಿಂದಕ್ಕೆ ತೆಗೆದುಕೊಂಡದ್ದು ನಾನು ಕಂಡಂತೆ ಅದೊಂದೇ ಸಲ. ತೆಗೆದುಕೊಂಡದ್ದು ಇಂದುಬಾಯಿಯನ್ನು ನಂಬಿ.

ಅಲ್ಲಿಂದ ಮುಂದಿನ ದಿನಗಳು ಚೆನ್ನಾಗಿದ್ದವು. ಅದನ್ನು ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದಾವು. ಇಂದುಬಾಯಿಗೆ ಮೊದಮೊದಲು ಬಗ್ಗಲು ಬರುತ್ತಿರಲಿಲ್ಲ. ಬಗ್ಗಿದರೆ ಏಳಲು ಬರುತ್ತಿರಲಿಲ್ಲ. ಟೀಚರ್ ಟ್ರೇನಿಂಗಿನಲ್ಲಿ ಕಲಿಸಿದ ಡ್ರಿಲ್ಲನ್ನು ನಾನು ಅವಳಿಗೆ ಹೇಳಿಕೊಟ್ಟೆ: ‘ಸೊಂಟದಿಂದ ಬಗ್ಗಬ್ಯಾಡ್ರಿ. ಬೆನ್ನು ನೆಟ್ಟಗಿಟ್ಟು ಮೊಣಕಾಲು ಮಡಚ್ರಿ. ನಮ್ಮವ್ವನ್ನ ನೋಡೀರಲ್ಲ, ಹಂಗಾದೀತು.’ ಒಂದು ಸಲ ಎಡಗೈಯಿಂದ ಎತ್ತಬೇಕು, ಒಂದು ಸಲ ಬಲಗೈಯಿಂದ. ಕಸ ಇಲ್ಲದ ಕಡೆ ಓಡುನಡಿಗೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಬ್ಬಸ ಬಿಡುತ್ತ ನನ್ನನ್ನು ದಾಟಲು ನೋಡುತ್ತಿದ್ದಳು. ದಾಟಲು ಆಗದೆ, ‘ಟೀಚರ್, ಸಣ್ಣ ಹುಡುಗ್ರನ್ನ ಓಡಿಸಿದ್ಹಂಗ ಓಡಸ್ತೀರಲ್ರಿ’ ಎಂದು ನಗುತ್ತ ಕೂತುಬಿಡುತ್ತಿದ್ದಳು. ಶಾಲೆಯಲ್ಲಿ ಅರಿಶಿನದ ಡಬ್ಬಿ ತಿಂಗಳಾದರೂ ಖಾಲಿ ಆಗಲಿಲ್ಲ.

ರಾಯಚೂರಿಗೆ ಹೋಗಿ ರಕ್ತ ತೋರಿಸಿಕೊಂಡು ಬಂದ ಮರುದಿನ ಅವಳ ಮುಖ ಅರಳಿತ್ತು. ಸಕ್ಕರೆ ಇಳಿದಿತ್ತು.

‘ಯಾರ ಜೋಡಿ ನಡೀತೀರಿ ಅಂತ ಡಾಕ್ಟ್ರು ಕೇಳಿದ್ರು. ನನ್ನ ಗೆಳತಿ ಜೋಡಿ ಅಂದೆ.’

ಆ ಮಾತನ್ನು ನಾನು ಎಷ್ಟೋ ದಿನ ಕಟ್ಟಿಕೊಂಡು ತಿರುಗಿದೆ. ಅವ್ವನಿಗೂ ಹೇಳಿದೆ. ಅವ್ವ, ‘ಹೂಂ’ ಎಂದಳು, ಆದರೆ ಆ ದಿನ ರೊಟ್ಟಿಗೆ ಎಣ್ಣೆ ಜಾಸ್ತಿ ಸವರಿದ್ದಳು.

ಒಂದು ಸಂಗತಿ ಮಾತ್ರ ಇತ್ತು. ಕಸ ಸುರಿಯುವ ಗುಂಡಿ ಇದ್ದದ್ದು ಇಂದುಬಾಯಿಯ ಓಣಿಯ ಆಚೆ ತುದಿಗೆ. ಓಣಿಯ ಬಾಯಿಗೆ ಬಳೆಗಾರ್ತಿ ಕುಬ್ರಾ ಬೇಗಂ ಮನೆ, ಮನೆಯ ಮುಂದೆ ನಳ. ಅಲ್ಲಿಗೆ ಬಂದ ಕೂಡಲೇ ಇಂದುಬಾಯಿ ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆದು, ಸೆರಗು ಬಿಚ್ಚಿ ಹೊದ್ದುಕೊಳ್ಳುತ್ತಿದ್ದಳು. ‘ನಮ್ಮತ್ತಿ ಮಡಿ ಅಂತ ಕೂಗಾಡ್ತಾರ್ರಿ. ನಿಮಗ ಗೊತ್ತದಲ್ಲ’ ಎನ್ನುತ್ತಿದ್ದಳು. ಅವಳು ಮುಂದೆ, ಎರಡು ಚೀಲ ಹೊತ್ತ ನಾನು ಹಿಂದೆ. ಗುಂಡಿಗೆ ಸುರಿದು, ಖಾಲಿ ಚೀಲಗಳನ್ನು ನಾನೇ ಮನೆಗೆ ಒಯ್ಯುತ್ತಿದ್ದೆ. ಮುದುಕಿಯ ಬಾಯಿಗೆ ಯಾಕೆ ಸಿಗಬೇಕು ಎಂದು ನಾನೂ ಸುಮ್ಮನಿದ್ದೆ. ಅಷ್ಟು ದೂರ ಕೂಡಿ ಬಗ್ಗಿದವಳು ಇಷ್ಟು ದೂರ ಹೊರದಿದ್ದರೆ ಏನಾಯಿತು ಎಂಬುದು ನನ್ನ ಲೆಕ್ಕ.

ಕುಬ್ರಾ ಬೇಗಂ ಮಾತ್ರ ಒಂದು ದಿನ ನಳದ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತ ಹೇಳಿದಳು:

‘ಹೋಗೋವಾಗ ದೋನೋ ಕೂಡಿ ಹೋಗ್ತೀರಿ, ಬರೋವಾಗ ಬೋಝಾ ಒಬ್ರ ತಲಿಮ್ಯಾಗ. ಐಸಾ ಯಾಕ ಟೀಚರಮ್ಮಾ?’

‘ಬ್ಯಾರೆ ಕೆಲಸ ಇಲ್ಲೇನ್ರಿ ನಿಮಗ’ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ. ಇಂದುಬಾಯಿ ಕೈ ತೊಳೆಯುತ್ತಲೇ ಇದ್ದಳು.

ದೀಪಾವಳಿ ಹತ್ತಿರ ಬಂದಾಗ ಅವಳು ಕೆಲವು ದಿನ ಬರಲಿಲ್ಲ. ಮಗಳನ್ನು ಕೇಳಿದರೆ, ‘ಅವ್ವಗ ಜ್ವರ’ ಎಂದಳು. ಭಾನುವಾರ ಮುಂಜಾನೆ ಗಂಜಿ ಹಾಕಿದ ಸೀರೆ ಉಟ್ಟು, ಕೈಗೆ ವಾಚು ಕಟ್ಟಿ, ಎರಡು ಮೋಸಂಬಿ ಹಿಡಿದು ಅವಳನ್ನು ನೋಡಲು ಹೋದೆ. ಅವಳ ಮನೆಗೆ ಅದೇ ಮೊದಲ ಸಲ.

ಮುಂಬಾಗಿಲಲ್ಲಿ ಅವಳ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನನ್ನು ನೋಡಿ ಮುಖ ಗಂಟು ಹಾಕಲಿಲ್ಲ, ನಕ್ಕರು.

‘ಸೂಗಮ್ಮನ ಮಗಳಲ್ಲೇನು? ಹಿತ್ತಲ ಕಡಿಂದ ಬಾರವಾ.’

ಮುಂದೆ ಅಕ್ಕಿ ಹರವಿದ್ದಾರೆ, ಅದಕ್ಕೇ ಇರಬೇಕೆಂದು ನಾನು ಸುತ್ತು ಹಾಕಿ ಹೋದೆ. ಅವರು ಒಳಗಿನಿಂದ ಒಂದು ಹಳೆಯ ಸೀರೆ ತಂದು ನನ್ನಿಂದ ದೂರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟರು.

‘ಹಬ್ಬಕ್ಕ ಉಟ್ಕೊ. ಇಂದೂಗ ಒಬ್ಬಾಕಿಗೆ ಅಡ್ಡಾಡ್ಲಿಕ್ಕೆ ಅಂಜಿಕಿ. ನಾ ಕಳಸ್ತಿದ್ದಿಲ್ಲ. “ಕಸ ಎತ್ಲಿಕ್ಕೆ ಸೂಗಮ್ಮನ ಮಗಳನ್ನ ಗೊತ್ತು ಮಾಡೀನಿ, ಅಕಿ ತನ್ನ ಕೆಲಸ ಮಾಡ್ತಾಳ, ನಾ ಅಕಿ ಮುಂದ ನಡೀತೀನಿ” ಅಂದ್ಲು. ಅದಕ್ಕ ಹೂಂ ಅಂದೆ. ಸಾಲಿ ಕಲಿಸ್ತಿಯಂತ. ಕಲ್ತರೂ ಮನಿತನದ ಕೆಲಸ ಬಿಟ್ಟಿಲ್ಲ ನೋಡು, ದೊಡ್ಡ ಗುಣ ಅದು. ಬಂದೀದಿ, ಆ ಮೋರಿ ಕಟ್ಟ್ಯದ, ಒಂದೀಟು ತಗದು ಹೋಗು.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಗೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಡುಗೆಮನೆಯ ಕಿಟಕಿಯ ಹಿಂದೆ ಬಳೆಗಳ ಸದ್ದಾಯಿತು. ಆ ಬಳೆಗಳ ಸದ್ದು ನನಗೆ ನಿದ್ದೆಗಣ್ಣಲ್ಲೂ ಗೊತ್ತು.

‘ಇಂದೂ ಅವ್ರ’ ಎಂದು ಕರೆದೆ. ‘ನಾ ನಿಮಗ ಏನಾಗಬೇಕು, ಬಂದು ಹೇಳ್ರಿ ಇವರಿಗೆ.’

ಬಳೆಗಳು ಸುಮ್ಮನಾದವು. ಅತ್ತೆ ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅವರಿಗೆ ನಿಜವಾಗಿ ಏನೂ ತಿಳಿಯಲಿಲ್ಲ. ಸೀರೆ ಕಲ್ಲಿನ ಮೇಲೆಯೇ ಇತ್ತು. ಮೋಸಂಬಿಯನ್ನೂ ಅದರ ಬಾಜು ಇಟ್ಟು ಬಂದೆ.

ರಾಯಚೂರಿನಲ್ಲಿ ಗೆಳತಿ, ದೇವದುರ್ಗದಲ್ಲಿ ಕಸದಾಕಿ. ನಂಬಿಸಿ ಕತ್ತು ಕೊಯ್ಯುವುದು ಎಂದು ಕೇಳಿದ್ದೆ, ಅಂದು ಕಂಡೆ. ಒಂದೊಂದು ಮುಂಜಾನೆಯೂ ನೆನಪಾಯಿತು. ಓಣಿಯಲ್ಲಿ ಅವಳು ಮುಂದೆ, ಎರಡು ಚೀಲ ಹೊತ್ತ ನಾನು ಹಿಂದೆ. ನಾನು ಮುದುಕಿಯ ಮಡಿಗೆ ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಹೇಳಿದ ಸುಳ್ಳಿಗೆ ದಿನಾ ಸಾಕ್ಷಿ ಹೇಳುತ್ತಿದ್ದೆ. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮುಂಜಾನೆ ಇಂದುಬಾಯಿ ನಾವು ಕೂಡುತ್ತಿದ್ದ ಬೇವಿನ ಮರದ ಕೆಳಗೆ ನಿಂತಿದ್ದಳು. ಕಣ್ಣು ಊದಿತ್ತು.

‘ಹಂಗ ಹೇಳದಿದ್ರ ಅತ್ತಿ ಕಳಸ್ತಿದ್ದಿಲ್ರಿ ಟೀಚರ್. ಬರೇ ಒಂದು ಮಾತು. ನನ್ನ ಮನಸ್ಸಿನ್ಯಾಗ ಹಂಗ ಇಲ್ಲ, ದೇವರಾಣಿ.’

ಅಳುವವರ ಮುಂದೆ ನನ್ನ ಸಿಟ್ಟು ನಿಲ್ಲುವುದಿಲ್ಲ, ಅದು ನನ್ನ ದೊಡ್ಡ ಸೋಲು. ಮನೆಗೆ ಹೋಗಿ ಎರಡೂ ಚೀಲ ತಂದೆ.

‘ನಡೀರಿ ಹಂಗಾದ್ರ. ಆದ್ರ ಇವತ್ತು ಕೆಂಪು ಅಂಚಿನ ಚೀಲ ನೀವ ಹೊರಬೇಕು. ನಿಮ್ಮ ಓಣ್ಯಾಗಿಂದ ಗುಂಡಿತನ ಇಬ್ರೂ ಬಾಜುಬಾಜು ಹೋಗೋಣ. ಯಾರಿಗೂ ಏನೂ ಹೇಳೋದು ಬ್ಯಾಡ, ಹೊತ್ತು ನಡದ್ರ ಸಾಕು.’

‘ಆತ್ರಿ’ ಎಂದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ, ‘ಆತು’ ಎಂದಳು.

ಹಬ್ಬದ ಕಸ ರಸ್ತೆ ತುಂಬ ಬಿದ್ದಿತ್ತು: ಸುಟ್ಟ ಪಟಾಕಿ, ಒಡೆದ ಹಣತೆ, ಬಾಟಲಿ ಚೂರು. ಅವಳು ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಚಿ, ನಾನು ಕಲಿಸಿದಂತೆಯೇ ಬಗ್ಗುತ್ತಿದ್ದಳು. ಹೊರಳಿ ಬರುವಾಗ ಕುಬ್ರಾ ಬೇಗಂಳ ನಳ ಬಂತು. ಇಂದುಬಾಯಿ ನಿಲ್ಲಲಿಲ್ಲ. ಕೈ ತೊಳೆಯಲಿಲ್ಲ. ಚೀಲ ಹಿಡಿದು ನನ್ನ ಬಾಜುವಿಗೇ ಓಣಿಯೊಳಗೆ ಕಾಲಿಟ್ಟಳು. ಅಲ್ಲಿಯವರೆಗಿನದನ್ನೆಲ್ಲ ಮರೆತೇಬಿಟ್ಟೆ.

ಅವಳ ಮನೆಯ ಕಟ್ಟೆಯ ಮೇಲೆ ಅತ್ತೆ, ಪಕ್ಕದ ಮನೆಯ ಇನ್ನಿಬ್ಬರು ಹೆಂಗಸರು ಕೂತಿದ್ದರು. ಇಂದುಬಾಯಿಯ ಹೆಜ್ಜೆ ಸಣ್ಣದಾಯಿತು. ಮನೆಗೆ ಇನ್ನು ನಾಲ್ಕು ಮಾರು ಇದೆ ಅನ್ನುವಾಗ ಚೀಲವನ್ನು ರಸ್ತೆಯ ನಡುವೆ ಇಳಿಸಿದಳು. ಕಟ್ಟೆಗೆ ಕೇಳುವ ಹಾಗೆ, ನನ್ನ ಮುಖ ನೋಡದೆ ಹೇಳಿದಳು:

‘ಗೋಪಮ್ಮಾ, ಇದನ್ನೂ ಒಯ್ದು ಹಾಕು.’

ಎಷ್ಟು ಸಲೀಸಾಗಿ ಬಂತು ಆ ಮಾತು. ಟೀಚರೂ ಇಲ್ಲ, ರೀಯೂ ಇಲ್ಲ. ನಾನು ನನ್ನ ಚೀಲವನ್ನು ಮಾತ್ರ ಹಿಡಿದು ನಡೆದೆ, ಗುಂಡಿಗೆ ಸುರಿದೆ, ಬೇರೆ ದಾರಿಯಿಂದ ಮನೆಗೆ ಬಂದು ಶಾಲೆಗೆ ಹೋದೆ. ಬಿದ್ದಿರಲಿ, ಇವತ್ತು ಯಾರು ಎತ್ತುತ್ತಾರೋ ನೋಡೋಣ ಎಂಬ ಹಟ ನನ್ನದು. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರೂ ನನ್ನ ಕಣ್ಣ ಮುಂದೆ ಓಣಿಯ ನಡುವಿನ ಆ ಚೀಲ ಇತ್ತು. ಇಂದುಬಾಯಿಯೇ ಎತ್ತಬೇಕಾಗುತ್ತದೆ, ಎತ್ತಲಿ ಅಂದುಕೊಂಡೆ.

ಸಂಜೆ ಮನೆಗೆ ಬಂದರೆ, ಅಂಗಳದ ತಂತಿಯ ಮೇಲೆ ಕೆಂಪು ಅಂಚಿನ ಚೀಲ ಒಗೆದು ಹಾಕಿತ್ತು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಅವ್ವ ಒಲೆಯ ಮುಂದೆ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ.

‘ವಕೀಲರ ಮನಿ ಆಳು ಬಂದಿದ್ದ. ನಿನ್ನ ಮಗಳು ಓಣ್ಯಾಗ ಕಸ ಬಿಟ್ಟು ಹೋಗ್ಯಾಳ, ತಗಿಬೇಕಂತ ಅಂದ.’

‘ನೀ ಯಾಕ ಹೋದಿ ಯವ್ವಾ? ನೀ ಎತ್ತಂಗಿಲ್ಲ ಅಂದಿದ್ದಿ. ಕಸಬರಿಗಿ ಸುಟ್ಟಿದ್ದಿ.’

‘ನಾ ಹೋಗದಿದ್ರ ಸಾಲಿಗೆ ಹೊಂಟಿದ್ದ ಅಂವ. ಹುಡುಗ್ರ ಮುಂದ ನಿನ್ನ ಕಸಕ್ಕ ಕರೀತಿದ್ದ.’

ಅವ್ವ ಕಟ್ಟಿಗೆಯನ್ನು ಒಲೆಯೊಳಗೆ ದೂಡಿ ಮತ್ತೆ ಹೇಳಿದಳು:

‘ಚೀಲ ನೋಡಿದ ಕೂಡ್ಲೆ ಗುರ್ತು ಹತ್ತಿತು. ವಕೀಲರ ಹೆಂಡ್ತಿ ಕಿಟಕ್ಯಾಗ ನಿಂತಿದ್ಲು. “ಯವ್ವಾ, ಇದು ನಾ ನಿನಗಂತ ಹೊಲಿದ ಚೀಲ ಅಲ್ಲೇನು” ಅಂದೆ. ಬಾಜೂಕ ಅತ್ತಿ ಇದ್ಲು. ಅಕಿ ಚೀಲ ನೋಡಿದ್ಲು, ನನ್ನ ನೋಡಿದ್ಲು. ನಂದಲ್ಲ ಅಂದ್ಲು.’

ಅದನ್ನು ಹೇಳುವಾಗ ಅವ್ವನ ದನಿ ಏರಲಿಲ್ಲ. ತಂತಿಯ ಮೇಲಿನ ಒದ್ದೆ ಚೀಲ ತಂದು, ಬಾಗಿದ ಬೆನ್ನನ್ನು ಗೋಡೆಗೆ ಆನಿಸಿ ಕೂತು, ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದಳು. ಕೆಂಪು ಅಂಚು ಮೊದಲು ಬಂತು.

‘ಅರಿವೀದೇನು ತಪ್ಪು? ಕೌದಿಗೆ ಹಾಕಿದ್ರಾತು’ ಎಂದಳು. ‘ನಿಂದೂ ತಾ.’

ಗೂಟಕ್ಕೆ ನೇತುಹಾಕಿದ್ದ ನನ್ನ ಚೀಲವನ್ನು ತಂದೆ. ಇಬ್ಬರೂ ಕೂತು ಬಿಚ್ಚಿದೆವು. ಒತ್ತು ಹೊಲಿಗೆ, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನಾನು ಅತ್ತೆ. ಅವ್ವ ಅಳಲಿಲ್ಲ.

ಈಗ ನನಗೆ ಮಾನ್ವಿಗೆ ವರ್ಗವಾಗಿದೆ. ಅವ್ವ ಜೊತೆಗಿದ್ದಾಳೆ, ಆ ಹಸಿರು ತುಂಡುಗಳ ಕೌದಿಯನ್ನೇ ಹೊದ್ದು ಮಲಗುತ್ತಾಳೆ. ನಾನು ದಿನಾ ಮುಂಜಾನೆ ಚೀಕಲಪರ್ವಿ ರಸ್ತೆಯಲ್ಲಿ ಬರಿಗೈಲಿ, ಕೈಬೀಸಿ ನಡೆಯುತ್ತೇನೆ. ಎಲ್ಲಿಗೆ ಹೊಂಟ್ರಿ ಎಂದು ಕೇಳುವವರು ಇಲ್ಲೂ ಇದ್ದಾರೆ. ಎಲ್ಲಿಗೂ ಇಲ್ಲ, ಅಡ್ಡಾಡಾಕತ್ತೀನಿ ಎನ್ನುತ್ತೇನೆ. ದಾರಿಯಲ್ಲಿ ಗಾಜಿನ ಚೂರು ಕಂಡರೆ ದಾಟಿ ಹೋಗಲು ಆಗುವುದಿಲ್ಲ, ಆ ರಸ್ತೆಯಲ್ಲೂ ಮಕ್ಕಳು ಬರಿಗಾಲಲ್ಲೇ ಬರುತ್ತವೆ. ಚಪ್ಪಲಿಯ ತುದಿಯಿಂದ ಅದನ್ನು ತಗ್ಗಿಗೆ ದೂಡಿ, ಮೇಲೆ ಮಣ್ಣೆಳೆದು ಮುಂದೆ ಹೋಗುತ್ತೇನೆ. ಬಗ್ಗುವುದಿಲ್ಲ.